ಚುಚ್ಚುಮದ್ದು: ತೊಡೆಗೋ, ತೋಳಿಗೋ?

“ಸಿಸ್ಟರ್, ತೊಡೆಗೆ ಬೇಡ. ಮಗು ರಾತ್ರಿಯಿಡೀ ಅಳುತ್ತದೆ. ಸೊಂಟಕ್ಕೇ ಕೊಟ್ಟುಬಿಡಿ.”

ಅಂಗನವಾಡಿಯಲ್ಲಿ ಲಸಿಕೆಯ ದಿನ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿಯರು ಹೀಗೆ ಕೇಳುವುದುಂಟು. ಸೊಂಟವೆಂದು ಸಂಕೋಚದಿಂದ ಹೇಳಿದರೂ ಅವರು ತೋರಿಸುವುದು ಪೃಷ್ಠವನ್ನು. ಮೊಮ್ಮಗುವಿನ ಮೇಲಿನ ಮಮತೆಯಿಂದಲೇ ಅವರು ಹಾಗೆ ಹೇಳುತ್ತಾರೆ. ಆದರೆ ಸಹೋದರಿಯರೇ, ಈ ಮಾತಿಗೆ ನೀವು ತಲೆದೂಗಬೇಡಿ.

ಇದಕ್ಕೆ ಎರಡು ಕಾರಣಗಳಿವೆ. ಸೊಂಟದಿಂದ ಕಾಲಿಗೆ ಇಳಿಯುವ ದೊಡ್ಡ ನರವಾದ ಸಯಾಟಿಕ್ ನರವು ಪೃಷ್ಠದ ಮೂಲಕವೇ ಹಾದುಹೋಗುತ್ತದೆ. ಎಳೆಯ ಮಗುವಿಗೆ ಅಲ್ಲಿ ಸ್ನಾಯು ಇನ್ನೂ ಬೆಳೆದಿರುವುದಿಲ್ಲ. ಸೂಜಿ ಸ್ವಲ್ಪ ತಪ್ಪಿ ನರಕ್ಕೆ ಪೆಟ್ಟಾದರೆ ಮಗು ಪಾದವನ್ನು ಎತ್ತಲಾರದೆ ಎಳೆದು ನಡೆಯುವ ಸ್ಥಿತಿ ಬರಬಹುದು. ಎರಡನೆಯದಾಗಿ, ಅಲ್ಲಿ ಕೊಬ್ಬು ಹೆಚ್ಚು. ಲಸಿಕೆ ಸ್ನಾಯುವಿಗೆ ತಲುಪದೆ ಕೊಬ್ಬಿನಲ್ಲೇ ಉಳಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಹೆಪಟೈಟಿಸ್ ಬಿ ಮತ್ತು ಹುಚ್ಚುನಾಯಿ ಕಡಿತದ ಲಸಿಕೆಗಳಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿದೆ. ಆದ್ದರಿಂದ ನಾಯಿ ಕಚ್ಚಿದಾಗ ಕೊಡುವ ಲಸಿಕೆಯನ್ನು ದೊಡ್ಡವರಿಗೆ ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಗೆ ಕೊಡುತ್ತಾರೆ. ಪೃಷ್ಠಕ್ಕೆ ಎಂದಿಗೂ ಕೊಡಬಾರದು.

ಹಾಗಾದರೆ ಯಾವ ವಯಸ್ಸಿಗೆ ಎಲ್ಲಿ?

ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ ಸ್ನಾಯುವಿಗೆ ಕೊಡುವ ಲಸಿಕೆಗೆ ತೊಡೆಯ ನಡುಭಾಗದ ಹೊರಮಗ್ಗುಲೇ ಸರಿಯಾದ ಜಾಗ. ಹಸುಗೂಸಿನ ಮೈಯಲ್ಲಿ ಚೆನ್ನಾಗಿ ಬೆಳೆದಿರುವ ಸ್ನಾಯು ಅದು. ದೊಡ್ಡ ನರ, ರಕ್ತನಾಳಗಳು ಅಲ್ಲಿಂದ ದೂರ. ಹುಟ್ಟಿದ 24 ಗಂಟೆಗಳೊಳಗಿನ ಹೆಪಟೈಟಿಸ್ ಬಿ ಲಸಿಕೆಯೂ, 6, 10, 14 ವಾರಗಳಲ್ಲಿ ಕೊಡುವ ಪೆಂಟಾವಲೆಂಟ್ ಲಸಿಕೆಯೂ ಎಡತೊಡೆಗೆ. ನ್ಯುಮೋಕಾಕಲ್ ಲಸಿಕೆ ಬಲತೊಡೆಗೆ. 16ರಿಂದ 24 ತಿಂಗಳ ನಡುವಿನ ಡಿಪಿಟಿ ಬೂಸ್ಟರ್ ಕೂಡ ತೊಡೆಗೇ. 5-6 ವರ್ಷದ ಹೊತ್ತಿಗೆ ತೋಳಿನ ಸ್ನಾಯು ಬಲಿತಿರುವುದರಿಂದ ಎರಡನೇ ಬೂಸ್ಟರನ್ನು ತೋಳಿಗೆ ಕೊಡುತ್ತಾರೆ. 10 ಮತ್ತು 16ನೇ ವರ್ಷದ ಟಿಡಿ ಲಸಿಕೆಯೂ ತೋಳಿಗೇ.

ಹಸುಗೂಸಿನ ತೋಳಿಗೂ ಸೂಜಿ ಚುಚ್ಚುವುದನ್ನು ಕಂಡು ಗಾಬರಿಯಾಗಬೇಡಿ. ಬಿಸಿಜಿ ಲಸಿಕೆ ಚರ್ಮದೊಳಕ್ಕೆ, ದಡಾರ-ರುಬೆಲ್ಲಾ ಲಸಿಕೆ ಚರ್ಮದ ಕೆಳಗೆ ಕೊಡುವಂಥವು. ಅವಕ್ಕೆ ಸ್ನಾಯು ಬೇಕಿಲ್ಲ.

ಇನ್ನು ಗರ್ಭಿಣಿಯರ ವಿಷಯ. ಟಿಡಿ ಲಸಿಕೆಯನ್ನು ಹೆಗಲಿನ ಮೂಳೆಯಿಂದ ಎರಡು-ಮೂರು ಬೆರಳು ಕೆಳಗೆ, ತೋಳಿನ ದಪ್ಪ ಸ್ನಾಯುವಿಗೆ ಕೊಡಬೇಕು. ಬುರ್ಖಾದ ಒಳಗಿನ ಬಿಗಿಯಾದ ತೋಳನ್ನು ಅರ್ಧಕ್ಕೆ ಮಡಚಿದರೆ ಸೂಜಿ ತೀರಾ ಕೆಳಗೆ ಬೀಳಬಹುದು. ಕುತ್ತಿಗೆಯ ಕಡೆಯಿಂದ ಬಟ್ಟೆ ಜಾರಿಸಿದರೆ ತೀರಾ ಮೇಲೆ, ಹೆಗಲಿನ ಕೀಲಿಗೇ ತಗಲಬಹುದು. ಆಗ ತಿಂಗಳುಗಟ್ಟಲೆ ಕೈ ಎತ್ತಲಾಗದಂತಹ ನೋವು ಉಳಿಯುವುದುಂಟು. ಆದ್ದರಿಂದ ಅಂದು ಸಡಿಲ ತೋಳಿನ ಉಡುಪು ಧರಿಸಿ ಹೋಗಿ. ದಾದಿಯೇ ಚುಚ್ಚಲಿ, ಪರದೆಯ ಮರೆಯಿರಲಿ ಎಂದು ಕೇಳಲು ಹಿಂಜರಿಯಬೇಡಿ. ಲಜ್ಜೆಯನ್ನೂ ಕಾಪಾಡಿಕೊಳ್ಳಬಹುದು, ಲಸಿಕೆಯನ್ನೂ ಸರಿಯಾದ ಜಾಗಕ್ಕೆ ಪಡೆಯಬಹುದು.

ಅಜ್ಜಿ ಹೇಳಿದ ಅಳುವಿಗೂ ಉಪಾಯವಿದೆ. ಚುಚ್ಚುವಾಗ ಮಗುವನ್ನು ಎದೆಗಪ್ಪಿಕೊಂಡು ಹಾಲೂಡಿಸಿ. ಚುಚ್ಚಿದ ಜಾಗವನ್ನು ತಿಕ್ಕಬೇಡಿ; ಅರಿಶಿನ, ಎಣ್ಣೆ ಏನನ್ನೂ ಹಚ್ಚಬೇಡಿ. ಊತ, ಸಣ್ಣ ಜ್ವರ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಜ್ವರದ ಔಷಧಿಯನ್ನು ದಾದಿ ಹೇಳಿದ ಪ್ರಮಾಣದಲ್ಲೇ ಕೊಡಿ. ಜ್ವರ ಏರಿದರೆ, ಮಗು ಮಂಕಾದರೆ ಅಥವಾ ಕಾಲನ್ನು ಆಡಿಸದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಿ.

ಮುಂದಿನ ಬಾರಿ ತಾಯಿ ಕಾರ್ಡ್ ಹಿಡಿದು ಹೋಗುವಾಗ ಅತ್ತೆಯವರಿಗೂ ಇದನ್ನು ಓದಿ ಹೇಳಿ. ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತು. ಒಂದು ರಾತ್ರಿಯ ಅಳುವಿಗೆ ಹೆದರಿ ಅವರ ನಡಿಗೆಯನ್ನೇ ಅಪಾಯಕ್ಕೊಡ್ಡುವುದು ಬೇಡ.