ಹಂಗಾಮಿಗೆ ಮುಂಚೆ ಸೈಕಲ್ ಹೊರಗೆ ತೆಗೆಯಿರಿ

ಸಮೀರವಾಡಿ, ಮಹಾಲಿಂಗಪುರ, ರಬಕವಿ-ಬನಹಟ್ಟಿ, ತೇರದಾಳ, ಮುಧೋಳ, ಜಮಖಂಡಿ, ಬೀಳಗಿ ಸೀಮೆಯ ಅಕ್ಕ-ತಂಗಿಯರಲ್ಲಿ, ಅಣ್ಣ-ತಮ್ಮಂದಿರಲ್ಲಿ ಒಂದು ಮನವಿ. ದೀಪಾವಳಿಯ ಆಸುಪಾಸಿನಲ್ಲಿ ನಮ್ಮ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ಅದಕ್ಕೂ ಮೊದಲು, ನಿಮ್ಮ ಹಿತ್ತಲಲ್ಲೋ ದನದ ಕೊಟ್ಟಿಗೆಯಲ್ಲೋ ಗೋಡೆಗೆ ಒರಗಿ ನಿಂತಿರುವ ಸೈಕಲ್ಲನ್ನು ಹೊರಗೆ ತೆಗೆಯಿರಿ. ಅದನ್ನು ರಸ್ತೆಗೆ ಇಳಿಯುವ ಸ್ಥಿತಿಗೆ ತನ್ನಿ. ನಿಮಗೆ ಬೇಡವಾದರೆ ಬೇಕಾದವರ ಕೈಗೆ ಕೊಡಿ.

ಅಂಥ ಸೈಕಲ್ ನಮ್ಮಲ್ಲಿ ಎಷ್ಟಿವೆ ಎಂದು ಯಾರೂ ಎಣಿಸಿಲ್ಲ. ಆದರೆ ಎಲ್ಲಿಂದ ಬಂದವು ಎಂಬುದು ಎಲ್ಲರಿಗೂ ಗೊತ್ತು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಮರುವರ್ಷ ಗಂಡುಮಕ್ಕಳಿಗೂ ಅದನ್ನು ವಿಸ್ತರಿಸಿತು. ಸರ್ಕಾರಿ ಶಾಲೆ, ಅನುದಾನಿತ ಶಾಲೆಗಳ ಅಂಗಳದಲ್ಲಿ ವರ್ಷ ವರ್ಷ ಸೈಕಲ್ ಸಾಲಾಗಿ ನಿಲ್ಲುತ್ತಿದ್ದವು. ಏಳನೆಯೋ ಎಂಟನೆಯೋ ತರಗತಿಗೆ ಶಾಲೆ ಬಿಡುತ್ತಿದ್ದ ಎಷ್ಟೋ ಹುಡುಗಿಯರು ಆ ಎರಡು ಗಾಲಿಗಳ ಆಸರೆಯಿಂದ ಹತ್ತನೆಯ ತರಗತಿ ಮುಟ್ಟಿದರು. ಮೊದಲ ವರ್ಷ ಸೈಕಲ್ ಪಡೆದವರ ಮಕ್ಕಳೇ ಈಗ ಶಾಲೆಗೆ ಹೋಗುವ ವಯಸ್ಸಿನವರು. ಕೋವಿಡ್ ಬಂದಾಗ ಹಂಚಿಕೆ ನಿಂತಿತು. ತಾಯಿ ತುಳಿದ ಸೈಕಲ್ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದೆ, ಮಗಳು ನಡೆದು ಹೋಗುತ್ತಿದ್ದಾಳೆ. ನನ್ನನ್ನು ಬರೆಯಲು ಹಚ್ಚಿದ್ದು ಇದೇ.

ನಮ್ಮ ಸೀಮೆಗೆ ಸೈಕಲ್ ಯಾಕೆ ಬೇಕು ಎಂದರೆ, ನಾವೆಲ್ಲ ಊರೊಳಗೆ ಇರುವುದಿಲ್ಲ. ಅರ್ಧ ಊರು ತೋಟದ ವಸ್ತಿಯಲ್ಲಿದೆ. ಘಟಪ್ರಭಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ, ಬಾವಿ-ಬೋರು ತೋಡಿದ ಮೇಲೆ, ಹೊಲದಲ್ಲೇ ಮನೆ ಕಟ್ಟಿಕೊಂಡು ಹೋದವರು ಬಹಳ. ಅಲ್ಲಿಂದ ಡಾಂಬರು ರಸ್ತೆಗೆ ಒಂದೋ ಎರಡೋ ಕಿಲೋಮೀಟರು ಎರೆ ಮಣ್ಣಿನ ಹಾದಿ, ಆಮೇಲೆ ಬಸ್ ನಿಲ್ದಾಣ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸಾದಾ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ, ಅದು ದೊಡ್ಡ ಅನುಕೂಲ. ಆದರೆ ಬಸ್ಸು ವಸ್ತಿಯ ಬಾಗಿಲಿಗೆ ಬರುವುದಿಲ್ಲ. ಬಸ್ಸಿನ ಹೊತ್ತಿಗೂ ಶಾಲೆಯ ಗಂಟೆಗೂ, ಕಾರ್ಖಾನೆಯ ಪಾಳಿಗೂ ಹೊಂದಿಕೆ ಆಗುವುದೂ ಕಷ್ಟ. ನಡೆದರೆ ಒಂದು ತಾಸು ಹಿಡಿಯುವ ಐದು ಕಿಲೋಮೀಟರನ್ನು ಸೈಕಲ್ ಇಪ್ಪತ್ತು-ಇಪ್ಪತ್ತೈದು ನಿಮಿಷದಲ್ಲಿ ಮುಗಿಸುತ್ತದೆ. ಅಷ್ಟು ದೂರಕ್ಕೆ ಮನೆಗೊಬ್ಬರಿಗೆ ಒಂದರಂತೆ ಮೋಟರ್ ಸೈಕಲ್ ಕೊಳ್ಳುವ, ಲೀಟರಿಗೆ ನೂರು ದಾಟಿದ ಪೆಟ್ರೋಲ್ ಹಾಕುವ ಶಕ್ತಿ ಎಲ್ಲರಿಗೂ ಇಲ್ಲ. ಇದ್ದವರ ಮನೆಯಲ್ಲೂ ಹದಿನಾಲ್ಕರ ಹುಡುಗನ ಕೈಗೆ ಗಾಡಿಯ ಕೀಲಿ ಕೊಡುವುದು ತಪ್ಪು.

ಈಗ ಕೈಕೆಲಸದ ಮಾತು. ವರ್ಷಗಟ್ಟಲೆ ನಿಂತ ಸೈಕಲ್ಲನ್ನು ನೋಡಿ ಹೆದರಬೇಡಿ. ಮುಕ್ಕಾಲು ಪಾಲು ತೊಂದರೆ ಗಾಳಿ, ಚೈನು, ಬ್ರೇಕು ಈ ಮೂರರಲ್ಲಿ ಇರುತ್ತದೆ.

ಮೊದಲು ಟಾಯರ್ ನೋಡಿ. ಗಾಳಿ ಇಲ್ಲದೆ ನಿಂತಿದ್ದರೆ ಮಡಿಕೆ ಬಿದ್ದ ಜಾಗದಲ್ಲಿ ಪಕ್ಕದ ಗೋಡೆ ಬಿರಿದಿರುತ್ತದೆ. ಒಳಗಿನ ದಾರ ಕಾಣುತ್ತಿದ್ದರೆ ಆ ಟಾಯರ್ ಬೇಡ, ಬದಲಾಯಿಸಿ. ಬಿರುಕು ಮೇಲ್ಮೇಲಿನದಾದರೆ ಇನ್ನೂ ಓಡುತ್ತದೆ. ಗಾಳಿ ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಇಳಿದಿದ್ದರೆ ತಕ್ಷಣ ಪಂಚರ್ ಎಂದುಕೊಳ್ಳಬೇಡಿ. ನಮ್ಮ ಸಾದಾ ಸೈಕಲ್ಲುಗಳಲ್ಲಿ ಗಾಳಿಯನ್ನು ಹಿಡಿದಿಡುವುದು ವಾಲಿನ ಒಳಗಿನ ಮೊಳೆಗೆ ತೊಡಿಸಿದ ಒಂದು ತೆಳ್ಳಗಿನ ರಬ್ಬರ್ ಕೊಳವೆ, ಅದೇ ವಾಲ್ ಟ್ಯೂಬು. ಬೇಸಿಗೆಗೆ ಅದು ಒಣಗಿ ಸೀಳುತ್ತದೆ. ಬೆರಳಿಗೆ ಉಗುಳು ಹಚ್ಚಿ ವಾಲಿನ ಬಾಯಿಗೆ ಒತ್ತಿ ನೋಡಿ. ಗುಳ್ಳೆ ಎದ್ದರೆ ದೋಷ ಅಲ್ಲೇ ಇದೆ. ಹಳೆಯದನ್ನು ಎಳೆದು ತೆಗೆದು, ಹೊಸ ತುಂಡನ್ನು ಒದ್ದೆ ಮಾಡಿ, ಮೊಳೆಯ ಪಕ್ಕದ ತೂತು ಪೂರ್ತಿ ಮುಚ್ಚುವಂತೆ ತೊಡಿಸಿದರೆ ಮುಗಿಯಿತು. ಕೆಲವೇ ರೂಪಾಯಿಯ ವಸ್ತು, ಐದು ನಿಮಿಷದ ಕೆಲಸ. ಅದು ಗೊತ್ತಿಲ್ಲದೆ "ಟ್ಯೂಬ್ ಹೋಗೇತಿ" ಎಂದು ಸೈಕಲ್ಲನ್ನೇ ಮೂಲೆಗೆ ನಿಲ್ಲಿಸಿದ ಮನೆಗಳಿವೆ.

ನಿಜವಾಗಿಯೂ ಪಂಚರ್ ಆಗಿದ್ದರೆ ನಮ್ಮಲ್ಲಿ ಅಪರಾಧಿ ಹೆಚ್ಚಾಗಿ ಜಾಲಿ ಮುಳ್ಳು. ಕಾಲುವೆ ದಂಡೆ, ಹಳ್ಳದ ಬದಿ, ಬೇಲಿ ಎಲ್ಲೆಲ್ಲೂ ಬಳ್ಳಾರಿ ಜಾಲಿ ಬೆಳೆದಿದೆ. ಟ್ಯೂಬಿಗೆ ಪ್ಯಾಚ್ ಹಚ್ಚಿ ಟಾಯರಿನೊಳಗಿನ ಮುಳ್ಳನ್ನು ಅಲ್ಲೇ ಬಿಟ್ಟರೆ ಮರುದಿನ ಮತ್ತೆ ಪಂಚರ್. ಟ್ಯೂಬ್ ಸೇರಿಸುವ ಮುಂಚೆ ಒಂದು ಅರಿವೆಯನ್ನು ಟಾಯರಿನ ಒಳಮೈಗೆ ಸುತ್ತಲೂ ಒರೆಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುರಿದ ಮುಳ್ಳಿನ ಮೊನೆ ಇರುತ್ತದೆ. ಚಿಮಟದಿಂದ ಕಿತ್ತು ತೆಗೆಯಿರಿ. ಗಾಳಿ ಎಷ್ಟಿರಬೇಕು ಎಂಬುದನ್ನು ಟಾಯರಿನ ಪಕ್ಕದಲ್ಲೇ ಅಚ್ಚು ಮಾಡಿರುತ್ತಾರೆ. ಅದಕ್ಕಿಂತ ಕಡಿಮೆ ಗಾಳಿಯಲ್ಲಿ ತುಳಿದರೆ ಕಾಲು ಬೇಗ ಸೋಲುತ್ತದೆ, ಗುಂಡಿಗೆ ಬಿದ್ದಾಗ ರಿಮ್ ಮತ್ತು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಎರಡು ಕಡೆ ಸೀಳುತ್ತದೆ. ವಾರಕ್ಕೊಮ್ಮೆ ಪಂಪ್ ಹೊಡೆಯುವುದನ್ನು ರೂಢಿ ಮಾಡಿಕೊಳ್ಳಿ.

ಚೈನಿನ ವಿಷಯದಲ್ಲಿ ನಮ್ಮವರದೊಂದು ರೂಢಿ ಬಿಡಬೇಕು. ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಎಣ್ಣೆಯನ್ನು ಚೈನಿಗೆ ಸುರಿಯುತ್ತಾರೆ. ಆ ಎಣ್ಣೆಯಲ್ಲಿ ಮೊದಲೇ ಮಸಿ, ಲೋಹದ ಪುಡಿ ಇರುತ್ತದೆ. ಹಂಗಾಮಿನ ಧೂಳು ಅದಕ್ಕೆ ಅಂಟಿ ಅರೆಯುವ ಹಿಟ್ಟಿನಂತಾಗಿ ಚೈನನ್ನೂ ಹಲ್ಲನ್ನೂ ತಿನ್ನುತ್ತದೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆಯೂ ಬೇಡ, ಜಿಗುಟು ಕಟ್ಟುತ್ತವೆ. ಡೀಸೆಲ್ಲಿನಲ್ಲಿ ಅದ್ದಿದ ಹಳೆಯ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಹೊಲಿಗೆ ಮಷಿನ್ ಎಣ್ಣೆಯನ್ನು ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಡಿ. ಪೈಡಲ್ ಹಿಂದಕ್ಕೆ ತಿರುಗಿಸಿ ಎಣ್ಣೆ ಒಳಗಿಳಿಯಲಿ. ಆಮೇಲೆ ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ, ಬೇಕಾದದ್ದು ಕೊಂಡಿಯ ಒಳಗಿನದು ಮಾತ್ರ. ಚೈನನ್ನು ನಡುವೆ ಬೆರಳಿನಿಂದ ಎತ್ತಿ ಇಳಿಸಿದರೆ ಸುಮಾರು ಅರ್ಧ ಇಂಚು ಆಡಬೇಕು. ಹೆಚ್ಚು ಸಡಿಲವಿದ್ದರೆ ಹಿಂದಿನ ಗಾಲಿಯ ನಟ್ಟು ಬಿಚ್ಚಿ ಗಾಲಿಯನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿ. ಚೈನು ಸವೆದಿದೆಯೋ ಎಂದು ತಿಳಿಯಲು ಅಳತೆಪಟ್ಟಿ ಸಾಕು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು ಇರುವುದರಿಂದ 24 ಕೊಂಡಿಗೆ 12 ಇಂಚು ಬರಬೇಕು. ಇಂಚಿನ ಎಂಟನೇ ಒಂದು ಭಾಗ ಹೆಚ್ಚು ಬಂದರೆ ಹೊಸ ಚೈನು ಹಾಕಿಸಿ, ತಡ ಮಾಡಿದರೆ ಫ್ರೀ ವೀಲೂ ಹೋಗುತ್ತದೆ.

ಗಾಲಿ ಔಟ್ ಬಂದಿದ್ದರೆ, ಪೈಡಲ್ ತುಳಿಯುವಾಗ ಟಕ್ ಟಕ್ ಎಂದು ಕಾಟರ್ ಪಿನ್ನು ಸದ್ದು ಮಾಡಿದರೆ, ಹ್ಯಾಂಡಲ್ ತಿರುಗಿಸುವಾಗ ಗುಂಡು ಕರಕರ ಎಂದರೆ ಸೈಕಲ್ ಅಂಗಡಿಗೆ ಹೋಗಿ. ಹಳೆಯ ಮಿಸ್ತ್ರಿ ಔಟ್ ತೆಗೆಯುವುದನ್ನು ನಿಂತು ನೋಡಿದ್ದೀರಾ? ಸೈಕಲ್ ತಲೆಕೆಳಗೆ ನಿಲ್ಲಿಸಿ, ಗಾಲಿ ತಿರುಗಿಸಿ, ರಿಮ್ಮಿನ ಹತ್ತಿರ ಸೀಮೆಸುಣ್ಣ ಹಿಡಿಯುತ್ತಾನೆ. ಬಾಗಿದ ಕಡೆ ಮಾತ್ರ ಬಿಳಿ ಗೆರೆ ಮೂಡುತ್ತದೆ. ಆ ಜಾಗದ ಕಡ್ಡಿಗಳಲ್ಲಿ ಒಂದು ಬದಿಯದನ್ನು ಕಾಲು ಸುತ್ತು ಬಿಗಿ ಮಾಡಿ, ಎದುರು ಬದಿಯದನ್ನು ಅಷ್ಟೇ ಸಡಿಲಿಸಿ, ಮತ್ತೆ ತಿರುಗಿಸಿ, ಬೆರಳಿನಿಂದ ಕಡ್ಡಿ ಮೀಟಿ ಸದ್ದು ಕೇಳುತ್ತಾನೆ. ಗೆರೆ ಸುತ್ತಲೂ ಒಂದೇ ಸಮ ಬೀಳುವವರೆಗೆ ಬಿಡುವುದಿಲ್ಲ. ಒಂದು ಕಾಲಕ್ಕೆ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳಲ್ಲಿ ಈ ವಿದ್ಯೆ ಉಳಿದಿದೆ. ಸೈಕಲ್ ಅಂಗಡಿಯ ಬೋರ್ಡಿನ ಕೆಳಗೆ ಈಗ ಮೋಟರ್ ಸೈಕಲ್ ಪಂಚರ್ ತೆಗೆಯುತ್ತ ಕುಳಿತ ಮಿಸ್ತ್ರಿಗಳಿಗೆ ಕೆಲಸ ಕೊಡಿ, ಕೇಳಿದಷ್ಟು ಮಜೂರಿ ಕೊಡಿ. ಅವರು ಪಾನಾ ಕೆಳಗಿಟ್ಟ ದಿನ ಈ ಸೈಕಲ್ಲುಗಳನ್ನು ನೋಡುವವರು ಯಾರೂ ಇರುವುದಿಲ್ಲ.

ಎಂಟನೆಯ ತರಗತಿಯಲ್ಲಿ ಇಟ್ಟ ಸೀಟಿನ ಎತ್ತರದಲ್ಲೇ ಹತ್ತನೆಯ ತರಗತಿಯ ಮಗು ಮೊಣಕಾಲು ಮಡಚಿಕೊಂಡು ತುಳಿಯುವುದನ್ನು ದಿನವೂ ಕಾಣುತ್ತೇವೆ. ಆ ವಯಸ್ಸಿನಲ್ಲಿ ಮಕ್ಕಳು ಸರಸರನೆ ಬೆಳೆಯುತ್ತಾರೆ. ಮಗುವನ್ನು ಸೀಟಿನ ಮೇಲೆ ಕೂರಿಸಿ, ಪೈಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲೆ ಇಟ್ಟರೆ ಕಾಲು ನೇರ ಆಗುವಷ್ಟು ಸೀಟು ಎತ್ತರಿಸಿ. ಸೀಟಿನ ಕೊಳವೆಯ ಮೇಲೆ ಗುರುತಿದ್ದರೆ ಅದು ಹೊರಗೆ ಕಾಣುವಷ್ಟು ಎಳೆಯಬೇಡಿ. ಮೊಣಕಾಲು ನೋವೆಂದು ಸೈಕಲ್ ಬಿಟ್ಟ ಮಕ್ಕಳಿಗೆ ಬೇಕಾದದ್ದು ಎಷ್ಟೋ ಸಲ ಒಂದು ನಟ್ಟಿನ ಕೆಲಸ. ಹೆಣ್ಣುಮಕ್ಕಳ ಸೈಕಲ್ಲಿಗೆ ಚೈನ್ ಕವರೂ ಹಿಂದಿನ ಗಾಲಿಗೆ ಜಾಳಿಗೆಯೂ ಇರಲೇಬೇಕು, ದುಪಟ್ಟಾ ಸುತ್ತಿಕೊಂಡು ಬಿದ್ದರೆ ಕತ್ತಿಗೇ ಅಪಾಯ.

ಬ್ರೇಕ್ ರಬ್ಬರ್ ರಿಮ್ಮಿಗೆ ತಾಗಬೇಕು, ಟಾಯರಿಗೆ ತಾಗಬಾರದು. ಎರಡೂ ಬ್ರೇಕ್ ಇರಬೇಕು. ಸೈಕಲ್ಲನ್ನು ಹೆಚ್ಚು ತಡೆಯುವುದು ಮುಂದಿನದು, ಆದ್ದರಿಂದ ಎರಡನ್ನೂ ಒಟ್ಟಿಗೆ, ನಿಧಾನವಾಗಿ ಒತ್ತಲು ಮಕ್ಕಳಿಗೆ ಕಲಿಸಿ. ಉಕ್ಕಿನ ರಿಮ್ ಮಳೆಯಲ್ಲಿ ನೆನೆದಾಗ ಬ್ರೇಕ್ ಜಾರುತ್ತದೆ, ಆಗ ದೂರದಿಂದಲೇ ಹಗುರಾಗಿ ಹಿಡಿಯುತ್ತ ಬರಬೇಕು. ಮಳೆಗಾಲದಲ್ಲಿ ಎರೆ ಮಣ್ಣು ಮಡ್ಗಾರ್ಡಿನೊಳಗೆ ಸೇರಿ ಗಾಲಿಯನ್ನೇ ಹಿಡಿಯುತ್ತದೆ, ಕೆದರಿ ತೆಗೆಯಲು ಕ್ಯಾರಿಯರಿಗೆ ಒಂದು ಕಟ್ಟಿಗೆ ಸಿಕ್ಕಿಸಿಕೊಂಡಿರಿ.

ಈಗ ಹಂಗಾಮಿನ ಮಾತಿಗೆ ಬರುತ್ತೇನೆ. ಈ ಮನವಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ನವೆಂಬರಿನಿಂದ ಮಾರ್ಚ್‌ವರೆಗೆ ಸಮೀರವಾಡಿಯ ಗೋದಾವರಿ ಕಾರ್ಖಾನೆಯ ಕಡೆಗೂ ಸುತ್ತಲಿನ ಬೇರೆ ಕಾರ್ಖಾನೆಗಳ ಕಡೆಗೂ ಹಗಲು-ರಾತ್ರಿ ಕಬ್ಬು ಹರಿಯುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಟ್ರಾಲಿಯ ಅಗಲಕ್ಕಿಂತ ಹೊರಗೆ ಚಾಚಿದ ಕಬ್ಬು, ಬದಿಯಲ್ಲಿ ಎತ್ತಿನ ಟಾಯರ್ ಗಾಡಿಗಳು, ರಸ್ತೆಯ ಮೇಲೆ ಉದುರಿ ಜಜ್ಜಿದ ಕಬ್ಬು ಮತ್ತು ರವದಿ. ಅದರ ನಡುವೆ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕ, ನಸುಕಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವ ರೈತ, ಟ್ಯೂಷನ್ ಮುಗಿಸಿದ ಮಗು, ಎಲ್ಲರೂ ದೀಪವಿಲ್ಲದ ಸೈಕಲ್ಲಿನಲ್ಲಿ ಹೋಗುತ್ತಾರೆ. ಹಿಂದೆ ಕೆಂಪು ರಿಫ್ಲೆಕ್ಟರು, ಮುಂದೆ ಬಿಳಿಯದು, ಪೈಡಲ್ಲಿಗೂ ಕಡ್ಡಿಗೂ ಹಳದಿಯವು ಹಾಕಿಸಿ. ಕೆಸರು ಹತ್ತಿದರೆ ರಿಫ್ಲೆಕ್ಟರ್ ಇದ್ದೂ ಇಲ್ಲದಂತೆ, ದಿನವೂ ಒರೆಸಿ. ಡೈನಮೊ ದೀಪ ಸೈಕಲ್ ನಿಂತಾಗ ಆರುತ್ತದೆ, ಹಿಂದಕ್ಕೆ ಚಾರ್ಜ್ ಮಾಡುವ ಒಂದು ಸಣ್ಣ ಕೆಂಪು ಎಲ್‌ಇಡಿ ಕಟ್ಟಿ. ಎರಡು ಟ್ರಾಲಿಗಳ ನಡುವಿನ ಸಂದಿಯ ಪಕ್ಕ ಎಂದೂ ಹೋಗಬೇಡಿ, ತಿರುವಿನಲ್ಲಿ ಹಿಂದಿನ ಟ್ರಾಲಿ ಒಳಬದಿಗೆ ಸರಿಯುತ್ತದೆ. ಓಡುವ ಟ್ರಾಲಿಯ ಹಿಂದೆ ಸೈಕಲ್ ಹಚ್ಚಿ ಕಬ್ಬು ಎಳೆಯುವ ಮಕ್ಕಳನ್ನು ಕಂಡರೆ, ಯಾರ ಮಗುವಾದರೂ ಸರಿ, ನಿಲ್ಲಿಸಿ ಬುದ್ಧಿ ಹೇಳಿ.

ಟ್ರ್ಯಾಕ್ಟರ್ ಮಾಲೀಕರೇ, ಚಾಲಕ ಅಣ್ಣಂದಿರೇ, ನಿಮ್ಮ ದುಡಿಮೆಯ ಕಷ್ಟ ನಮಗೆ ಗೊತ್ತು. ಟ್ರಾಲಿಯ ಹಿಂದೆ, ಎರಡೂ ಬದಿಗೆ ಪ್ರತಿಫಲಿಸುವ ಪಟ್ಟಿ ಹಚ್ಚಿ, ಕಬ್ಬಿನ ಹೊರೆ ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ಹಾಡಿನ ಸದ್ದು ಕಡಿಮೆ ಮಾಡಿ, ಸೈಕಲ್ ಗಂಟೆ ನಿಮಗೆ ಕೇಳಬೇಕು. ಕಾರ್ಖಾನೆಗಳ ಆಡಳಿತದವರಲ್ಲಿ ಕೇಳಿಕೊಳ್ಳುವುದು: ಗೇಟಿನ ಬಳಿ ಸೈಕಲ್ಲಿಗೆ ನೆರಳಿನ ಜಾಗ ಮತ್ತು ಒಂದು ಪಂಪ್ ಇಡಿ, ಪಟ್ಟಿ ಇಲ್ಲದ ಟ್ರಾಲಿಯನ್ನು ಯಾರ್ಡಿನಲ್ಲೇ ತಡೆದು, ಪಟ್ಟಿ ಹಚ್ಚಿ ಕಳಿಸಿ. ಗ್ರಾಮ ಪಂಚಾಯಿತಿಯವರು ರಸ್ತೆ ಬದಿಯ ಜಾಲಿ ಕಡಿಸಲಿ, ಕಡಿದ ಮುಳ್ಳನ್ನು ಅಲ್ಲೇ ಬಿಡದೆ ಸಾಗಿಸಲಿ.

ಶಾಲೆಯ ಗುರುಗಳೇ, ಈ ಕೈಕೆಲಸವನ್ನು ಮಕ್ಕಳಿಗೆ ಕಲಿಸಲು ವಾರಕ್ಕೆ ಒಂದು ಅವಧಿ ಕೊಡಿ. ಜಾತ್ರೆಯ ಸೈಕಲ್ ಶರ್ಯತ್ತಿಗೆ ರಸ್ತೆಯ ಎರಡೂ ಬದಿ ಜನ ಸೇರುವ ಸೀಮೆ ನಮ್ಮದು. ಬಾಗಲಕೋಟೆ, ವಿಜಯಪುರದ ಕ್ರೀಡಾ ವಸತಿ ನಿಲಯಗಳ ಹುಡುಗ-ಹುಡುಗಿಯರು ರಾಷ್ಟ್ರಮಟ್ಟದ ರಸ್ತೆ ಓಟಗಳಲ್ಲಿ ಪದಕ ತಂದಿದ್ದಾರೆ. ಅಂಥ ಸೀಮೆಯ ಮಗುವಿಗೆ ಪಂಚರ್ ತೆಗೆಯಲು ಬಾರದೆ ಇರಬಾರದು.

ಸೈಕಲ್ ಉಪಯೋಗವಿಲ್ಲದ ಮನೆಯವರಲ್ಲಿ ಕೊನೆಯ ಮಾತು. ಗುಜರಿಯವನು ತೂಕಕ್ಕೆ ಹಾಕಿ ಕೊಡುವ ರೊಕ್ಕ ಬಹಳವೇನೂ ಆಗುವುದಿಲ್ಲ. ನಿಮ್ಮ ಓಣಿಯಲ್ಲಿ, ಪಕ್ಕದ ವಸ್ತಿಯಲ್ಲಿ ಎಂಟನೆಯ ತರಗತಿಗೆ ನಡೆದು ಹೋಗುವ ಹುಡುಗಿ ಯಾರೆಂದು ನಿಮಗೇ ಗೊತ್ತು. ರಿಪೇರಿ ಮಾಡಿಸಿಯೇ ಕೊಡಿ, ಮುರುಕು ಕೊಟ್ಟು ಖರ್ಚು ಅವರ ತಲೆಗೆ ಕಟ್ಟಬೇಡಿ. ಜೊತೆಗೆ ಒಂದು ಪಂಪ್, ಒಂದು ಪಾನಾ, ನಾಲ್ಕು ತುಂಡು ವಾಲ್ ಟ್ಯೂಬ್ ಇರಲಿ. ಸೈಕಲ್ ಒಯ್ಯುವ ಮುಂಚೆ ನಿಮ್ಮ ಅಂಗಳದಲ್ಲೇ ಗಾಳಿ ಪೂರ್ತಿ ಬಿಟ್ಟು, ಹೊಸ ವಾಲ್ ಟ್ಯೂಬನ್ನು ಅವಳ ಕೈಯಿಂದಲೇ ಒಮ್ಮೆ ಹಾಕಿಸಿ, ಗಾಳಿ ಹೊಡೆಸಿ ಕಳಿಸಿ.