ಫುಟ್‌ಬಾಲ್ ಮತ್ತು ಹೈದರಾಬಾದಿನ ಒಬ್ಬ ಶಾಲಾ ಉಪಾಧ್ಯಾಯ

2025ರ ಅಕ್ಟೋಬರ್ 14ರಂದು ಗೋವಾದ ಮಡಗಾಂವಿನಲ್ಲಿ ಸಿಂಗಪುರದ ಎದುರು 1-2 ಗೋಲುಗಳಿಂದ ಸೋತ ಭಾರತ ತಂಡವು 2027ರ ಏಷ್ಯಾ ಕಪ್ ಫುಟ್‌ಬಾಲ್ ಪಂದ್ಯಾವಳಿಯ ಅವಕಾಶವನ್ನೇ ಕಳೆದುಕೊಂಡಿತು. ಆಮೇಲೆ ನಡೆದ ಚರ್ಚೆಗಳಲ್ಲಿ ಲೀಗ್‌ನ ಹಣಕಾಸು, ಒಕ್ಕೂಟದ ಒಳಜಗಳ, ಮೇಲಿಂದ ಮೇಲೆ ಬದಲಾದ ತರಬೇತುದಾರರು ಎಲ್ಲವೂ ಬಂದವು. ಶಾಲೆಯ ಮಾತು ಮಾತ್ರ ಅಪರೂಪವಾಗಿತ್ತು.

ಭಾರತವು ಏಷ್ಯಾದ ಅಗ್ರಸ್ಥಾನದಲ್ಲಿ ನಿಂತಿದ್ದ ಕಾಲದಲ್ಲಿ ತಂಡವನ್ನು ರೂಪಿಸಿದವರು ಒಬ್ಬ ಶಾಲಾ ಉಪಾಧ್ಯಾಯರು. 1909ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ಸೈಯದ್ ಅಬ್ದುಲ್ ರಹೀಮ್ ಪದವಿಯ ನಂತರ ಕಾಚಿಗುಡದ ಶಾಲೆಯಲ್ಲಿ ಪಾಠ ಹೇಳಿದರು. ಮುಂದೆ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ದಾರುಲ್ ಉಲೂಮ್ ಮತ್ತು ಚಾದರ್‌ಘಾಟ್ ಪ್ರೌಢಶಾಲೆಗಳ ಆಟೋಟಗಳ ಹೊಣೆ ಹೊತ್ತರು. ಅವರ ಕ್ರಮಗಳೆಲ್ಲ ತರಗತಿಯ ಕ್ರಮಗಳೇ. ಒಂದೇ ಸ್ಪರ್ಶದಲ್ಲಿ ಚೆಂಡನ್ನು ದಾಟಿಸಬೇಕೆಂಬ ನಿಯಮದ ಪಂದ್ಯಗಳನ್ನು ಆಡಿಸಿದರು. ಬಲಗಾಲಿನ ಹುಡುಗನು ಎಡಗಾಲಿನಿಂದಲೇ ಒದೆಯಬೇಕಾದ ಪಂದ್ಯಗಳನ್ನೂ ಏರ್ಪಡಿಸಿದರು. ಕೈಬರಹ ತಿದ್ದಿಸುವ ಮೇಷ್ಟರ ತಾಳ್ಮೆ ಇದು! ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 54ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ ಗೆದ್ದಿತು.

ರಾಷ್ಟ್ರೀಯ ತಂಡದ ಕಥೆ ಹೆಚ್ಚಿನವರಿಗೆ ಗೊತ್ತಿರುವಂಥದು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, 1962ರಲ್ಲಿ ಜಕಾರ್ತಾದಲ್ಲಿ ಮತ್ತೆ ಚಿನ್ನ. ಆದರೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾದ ಎದುರು 1-10ರ ಸೋಲನ್ನು ಉಂಡದ್ದೂ ಇದೇ ಗುರುವಿನ ತಂಡ; ನಮ್ಮ ಆಟಗಾರರಲ್ಲಿ ಹಲವರು ಅಂದು ಬರಿಗಾಲಿನಲ್ಲಿದ್ದರು. ಅಂಥ ಸೋಲಿನ ನಂತರವೂ ಅವರಿಗೆ ಮೆಲ್ಬರ್ನ್‌ವರೆಗೆ ಕಾಲಾವಕಾಶ ದೊರೆಯಿತು. ಇಂದು ದೊರೆಯುತ್ತಿತ್ತೆ? 2024ರ ಜೂನ್‌ನಿಂದ 2025ರ ಆಗಸ್ಟ್‌ವರೆಗಿನ ಅವಧಿಯಲ್ಲೇ ಸ್ಟಿಮಾಚ್ ಹೋಗಿ ಮಾರ್ಕೆಜ್ ಬಂದರು, ಮಾರ್ಕೆಜ್ ಹೋಗಿ ಖಾಲಿದ್ ಜಮೀಲ್ ಬಂದರು.

ರಹೀಮ್ ಅವರ ತಂಡಗಳಲ್ಲಿ ಬೆಂಗಳೂರಿನ ಪಾಲೂ ದೊಡ್ಡದು. 1951ರಲ್ಲಿ ಅಹ್ಮದ್ ಖಾನ್, 1956ರಲ್ಲಿ ಕೆಂಪಯ್ಯ, 1962ರಲ್ಲಿ ಅರುಮೈನಾಯಗಂ ಅಲ್ಲಿಂದ ಬಂದವರು. ಜಕಾರ್ತಾದ ಅಂತಿಮ ಪಂದ್ಯದಲ್ಲಿ ಗೋಲು ಕಾಯ್ದ ಪೀಟರ್ ತಂಗರಾಜ್ ಮದ್ರಾಸ್ ರೆಜಿಮೆಂಟಿನಲ್ಲಿ ಬೆಳೆದವರು. 2018ರಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ತಂಡವು ಬೆಂಗಳೂರನ್ನು 3-2ರಿಂದ ಸೋಲಿಸಿದಾಗ ಯಾರ ಕಡೆ ಕೂಗಬೇಕೆಂದು ತಿಳಿಯದೆ ಕುಳಿತ ಚೆನ್ನೈ ಕನ್ನಡಿಗರಿಗೆ, ಒಂದು ಕಾಲಕ್ಕೆ ಈ ಎರಡೂ ಊರುಗಳು ಒಬ್ಬನೇ ಗುರುವಿನ ಕೈಕೆಳಗೆ ಒಂದೇ ಪಕ್ಷದಲ್ಲಿದ್ದವು ಎಂಬುದು ನೆಮ್ಮದಿಯ ಸಂಗತಿಯಾದೀತು.

ರಹೀಮ್ ಅವರ ಮಗ ಶಾಹಿದ್ ಹಕೀಮ್ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು. ತರಬೇತುದಾರರು ತಂದೆಯೇ ಆಗಿದ್ದರೂ ಅಲ್ಲಿ ಅವರು ಕಣಕ್ಕಿಳಿಯಲಿಲ್ಲ. ಆಯ್ಕೆಯಲ್ಲಿ ಮಮತೆಗೆ ಎಡೆಯಿರಲಿಲ್ಲವೆಂದೇ ನಾನು ಇದನ್ನು ಓದಿಕೊಳ್ಳುತ್ತೇನೆ. ಹಕೀಮ್ 2021ರಲ್ಲಿ ನಮ್ಮ ಕಲಬುರಗಿಯಲ್ಲಿ ನಿಧನರಾದರು.

ತಂದೆಯಾದರೋ ಕ್ಯಾನ್ಸರ್‌ನಿಂದ ನರಳುತ್ತಲೇ ಜಕಾರ್ತಾದ ತಂಡವನ್ನು ನಡೆಸಿ, 1963ರ ಜೂನ್ 11ರಂದು ತೀರಿಕೊಂಡರು. ತರಬೇತುದಾರರಿಗೆ ಮೀಸಲಾದ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ. 2024ರಲ್ಲಿ ತೆರೆಕಂಡ ‘ಮೈದಾನ್’ ಹಿಂದಿ ಚಿತ್ರವು ಅವರ ಹೆಸರನ್ನು ಮನೆಮನೆಗೆ ತಂದಿತು, ನಿಜ. ಆದರೆ ಅದು ಹೇಳಿದ್ದು 1952ರಿಂದ 62ರವರೆಗಿನ ಕಥೆ; ಅದಕ್ಕೂ ಹಿಂದಿನ ಶಾಲಾಂಗಳದ ವರ್ಷಗಳಿಗೆ ಅಲ್ಲಿ ಜಾಗವಿರಲಿಲ್ಲ.

ಹತ್ತನೆಯ ತರಗತಿಗೆ ಬಂದ ಮಗುವಿನ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಟ್ಟಾಗ ಚೆನ್ನೈಯ ನಮ್ಮ ಮನೆಗಳಲ್ಲಿ ತಕರಾರು ಏಳುವುದಿಲ್ಲ, ಸಮಾಧಾನವೇ ಹೆಚ್ಚು. ಪೋಷಕರ ಸಭೆಯ ದಿನ ಗಣಿತ, ವಿಜ್ಞಾನದ ಉಪಾಧ್ಯಾಯರ ಮುಂದೆ ಸಾಲು ಬೆಳೆಯುತ್ತದೆ. ಡ್ರಿಲ್ ಮೇಷ್ಟರು ಆ ಸಾಲನ್ನು ನೇರವಾಗಿ ನಿಲ್ಲಿಸುವ ಕೆಲಸದಲ್ಲಿರುತ್ತಾರೆ.