ಕೈ ತಪ್ಪಲಿ, ಬಿಡಿ

ಲಕ್ವ ಹೊಡೆದು ಆಸ್ಪತ್ರೆಯಿಂದ ಬ್ಯಾಕೋಡಿನ ಮನೆಗೆ ಮರಳಿದ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಪುಂಡಿನಾರಿನ ಕುಂಚದಿಂದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಿದ್ದ ಬಲಗೈ ಈಗ ಲೋಟ ಹಿಡಿಯಲೂ ತಡವರಿಸುತ್ತದೆ. ಮನೆಯವರು ಪ್ರೀತಿಯಿಂದ ತಾವೇ ತುತ್ತಿಡುತ್ತಾರೆ. ಈ ಪ್ರೀತಿಯ ಬಗ್ಗೆ ನನ್ನದೊಂದು ತಕರಾರಿದೆ.

ಕೈ ಹೇಗೆ ಕಲಿಯುತ್ತದೆಂದು ಅಳೆಯಲು ವಿಜ್ಞಾನಿಗಳಿಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಒಂದು ಕಂಪ್ಯೂಟರ್, ಚಿತ್ರ ಬರೆಯುವ ಟ್ಯಾಬ್ಲೆಟ್ ಮತ್ತು ಅದರ ಪೆನ್ನು ಸಾಕು. ಟ್ಯಾಬ್ಲೆಟ್ ಎಂದರೆ ನುಂಗುವ ಮಾತ್ರೆಯಲ್ಲ, ಸ್ಲೇಟಿನಂಥ ಹಲಗೆ! ಅದನ್ನು ಮೇಜಿನ ಮೇಲಿಟ್ಟು, ಕೈ ಕಾಣದಂತೆ ಮರೆ ಮಾಡುತ್ತಾರೆ. ಪೆನ್ನು ಸರಿದಂತೆ ಪರದೆಯ ಮೇಲೆ ಚುಕ್ಕಿ ಸರಿಯುತ್ತದೆ; ಅದನ್ನು ಗುರಿ ಮುಟ್ಟಿಸಬೇಕು. ಚುಕ್ಕಿಯ ವೇಗವನ್ನು ಕಂಪ್ಯೂಟರ್ ತಾನೇ ಏರಿಳಿಸುವ ಏರ್ಪಾಡನ್ನು ಮೊದಲೇ ನಿಲ್ಲಿಸಿರಬೇಕು. ಇಲ್ಲದಿದ್ದರೆ ಅಳೆದದ್ದು ಕೈಯನ್ನಲ್ಲ, ಯಂತ್ರವನ್ನು.

ಆಮೇಲೆ ಒಂದು ಮೋಸ. ಚುಕ್ಕಿ 30 ಡಿಗ್ರಿ ಓರೆಯಾಗಿ ಓಡುವಂತೆ ಮಾಡುತ್ತಾರೆ. ಮೊದಮೊದಲು ಗುರಿ ತಪ್ಪುತ್ತದೆ. ಹತ್ತಾರು ಸಲ ಪ್ರಯತ್ನಿಸಿದ ಮೇಲೆ ಕೈ ಹೊಂದಿಕೊಳ್ಳುತ್ತದೆ. ಆಗ ಓರೆಯನ್ನು ತೆಗೆದರೆ ಕೈ ಎದುರು ದಿಕ್ಕಿಗೆ ತಪ್ಪುತ್ತದೆ! ಮೋಸ ಮುಗಿಯಿತೆಂದು ಹೇಳಿದರೂ ಅದು ಕೂಡಲೇ ಕೇಳದು. ಕಂಡ ತಪ್ಪಿನಿಂದ ಮುಂದಿನ ಚಲನೆಯನ್ನು ತಿದ್ದುವ ಈ ಕೆಲಸದಲ್ಲಿ ಕಿರುಮೆದುಳಿನ ಪಾಲು ದೊಡ್ಡದು.

ಮರೆವಿನವರಿಗೆ ಇದೆಲ್ಲ ಆಗದು ಎನ್ನುವಿರಾ? ಹೊಸ ನೆನಪುಗಳೇ ನಿಲ್ಲದ ಹೆನ್ರಿ ಮೊಲೈಸನ್ ಎಂಬಾತ ಕನ್ನಡಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವುದನ್ನು ಮೂರು ದಿನಗಳಲ್ಲಿ ಕಲಿತ. ಹಿಂದಿನ ದಿನ ಎಳೆದದ್ದೇ ಅವನಿಗೆ ನೆನಪಿರಲಿಲ್ಲ. ಬ್ರೆಂಡಾ ಮಿಲ್ನರ್ 1962ರಲ್ಲಿ ಇದನ್ನು ವರದಿ ಮಾಡಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಣ್ಣು, ಕೈಗಳ ಚಲನೆಯ ಸಂಶೋಧನೆ ನಡೆಯುತ್ತದೆ. ಇಂಥ ಹಲಗೆಯೊಂದು ತಾಲ್ಲೂಕು ಆಸ್ಪತ್ರೆಯ ವ್ಯಾಯಾಮ ಚಿಕಿತ್ಸೆಯ ಕೋಣೆಗೂ ಬರಲಿ ಎಂಬುದು ನನ್ನ ಆಸೆ. ಕೈ ಎಷ್ಟು ಸುಧಾರಿಸಿತೆಂದು ರೋಗಿಗೇ ತೋರಿಸಬಹುದು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಬ್ಯಾಕೋಡಿನವರು ಸಾಗರಕ್ಕೆ ಹೋಗಲು ಲಾಂಚ್ ಕಾಯಬೇಕಿಲ್ಲ. ಆದರೂ ದಿನವೂ ಹೋಗಿ ಬರುವುದು ಎಷ್ಟು ಮನೆಗಳಿಗೆ ಸಾಧ್ಯ?

ಅಲ್ಲದೆ, ಚುಕ್ಕಿ ಮುಟ್ಟಿಸಲು ಕಲಿತ ಕೈ ತಾನಾಗಿ ಅನ್ನ ಕಲೆಸಲು ಕಲಿಯುವುದಿಲ್ಲ. ಯಾವ ಕೆಲಸ ಬರಬೇಕೋ ಅದನ್ನೇ ಮಾಡಬೇಕು. ಆದ್ದರಿಂದ ಅಜ್ಜಿಯ ಕೈಗೆ ಅರ್ಧ ಲೋಟ ನೀರು ಕೊಡಿ. ಚೆಲ್ಲಿದರೆ ಒರೆಸಿ, ಮತ್ತೆ ಕೊಡಿ. ಬಿಸಿ ಕಾಫಿ ಮಾತ್ರ ಬೇಡ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಮೊದಲು ವೈದ್ಯರನ್ನು ಕೇಳಿ. ಸೋತ ತೋಳನ್ನು ಹಿಡಿದು ಎಳೆಯಬೇಡಿ.